ಅಪ್ಪನಿಗೆ ಕಾರು ಗುದ್ದಿದೆ, ಆಸ್ಪತ್ರೆ ದಾಖಲೆಯಲ್ಲಿ ಮಾತ್ರ ‘ಸೆಲ್ಫ್ ಫಾಲ್’ ಅಂತ ಬರೆದಿದ್ದಾರೆ. ಕೇಸ್ ಹಾಕಬಹುದಾ?

ಹದಡಿ ರಸ್ತೆ ಮಗಳು:

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯಲ್ಲಿ, ಹದಡಿ ರಸ್ತೆ ಕಡೆ ಊರಂಚಿನ ಒಂದು ಹೊಸ ಲೇಔಟ್‌ನಲ್ಲಿ ಇದ್ದೇವೆ. ಅಪ್ಪನಿಗೆ 47 ವರ್ಷ, ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಹನ್ನೊಂದು ದಿನದ ಹಿಂದೆ ಬೆಳಗಿನ ಜಾವ ಐದಕ್ಕೆ ಟಿವಿಎಸ್‌ನಲ್ಲಿ ಭಟ್ಟಿಗೆ ಹೊರಟಿದ್ದರು. ನಮ್ಮ ಕ್ರಾಸ್‌ನಲ್ಲಿ ಬೀದಿದೀಪ ಇಲ್ಲ, ಹಂಪ್ ಕೂಡ ಇಲ್ಲ. ಅಡ್ಡರಸ್ತೆಯಿಂದ ಜೋರಾಗಿ ಬಂದ ಕಾರು ಎಡಗಾಲಿಗೆ ಗುದ್ದಿದೆ. ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದು ರಾಡ್ ಹಾಕಿದ್ದಾರೆ. ಭಟ್ಟಿ ಮುಂದೆ ದಿನಪೂರ್ತಿ ನಿಂತು ಹುರಿಯುವ ಕೆಲಸ ಅವರದು, ಇನ್ನು ಎಷ್ಟು ತಿಂಗಳು ಮನೆಯಲ್ಲೋ ಗೊತ್ತಿಲ್ಲ.

ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದು ಹಾಲು ಹಾಕುವ ಹುಡುಗ. ಅವನು ಗುದ್ದಿದ್ದನ್ನು ನೋಡಿಲ್ಲ, ಬಿದ್ದಿದ್ದನ್ನು ಮಾತ್ರ ನೋಡಿದ್ದು. ಅಲ್ಲಿ ಕೇಳಿದಾಗ ‘ಗಾಡಿಯಿಂದ ಬಿದ್ದಿದ್ದರು’ ಅಂದಿದ್ದಾನೆ, ಅವರು ಹಾಗೇ ಬರೆದುಕೊಂಡಿದ್ದಾರೆ. ಕಾರಿನವರು ನಮ್ಮ ಲೇಔಟ್‌ನವರೇ. ಮೊದಲ ದಿನ ಬಂದು ಅಮ್ಮನ ಕೈ ಹಿಡಿದು ಅತ್ತರು, ಎಲ್ಲ ಖರ್ಚು ನಾವೇ ನೋಡ್ಕೋತೀವಿ ಅಂದರು. ಅದಕ್ಕೇ ನಾವು ಕಂಪ್ಲೇಂಟ್ ಕೊಡಲಿಲ್ಲ. ಈಗ 40 ಸಾವಿರ ಕೊಡ್ತೀವಿ, ಒಂದು ಪತ್ರಕ್ಕೆ ಸೈನ್ ಹಾಕಿ ಅಂತಿದ್ದಾರೆ. ಆಸ್ಪತ್ರೆ ಬಿಲ್ಲೇ ಒಂದು ಲಕ್ಷ ದಾಟಿದೆ. ಅಪ್ಪನಿಗೆ ಡಿಎಲ್ ಇಲ್ಲ, ಟಿವಿಎಸ್ ಇನ್ಶೂರೆನ್ಸ್ ಕೂಡ ಮುಗಿದಿತ್ತು, ಆ ಭಯ ಬೇರೆ. ಯಾರಾದರೂ ದಾರಿ ತೋರಿಸಿ.

ಹರಿಹರದವನು:

ತಂಗಿ, ಆ ಪತ್ರಕ್ಕೆ ಮಾತ್ರ ಸೈನ್ ಹಾಕಬೇಡಿ. ನಮ್ಮ ಅಮ್ಮನಿಗೆ ಹೀಗೇ ಆಗಿತ್ತು, ಬೈಪಾಸ್ ಸರ್ವಿಸ್ ರೋಡಲ್ಲಿ. ನಾವೂ ಪರಿಚಯದವರು ಅಂತ ಸುಮ್ನಿದ್ದೆವು. ಎರಡನೇ ಆಪರೇಷನ್‌ಗೆ ದುಡ್ಡು ಕೇಳಿದಾಗ ಅವರು ಫೋನೇ ಎತ್ತಲಿಲ್ಲ. ಕಾಲಿನ ರಾಡ್ ಇದೆಯಲ್ಲ, ಅದನ್ನು ತೆಗೆಸಬೇಕು ಅಂದರೆ ಮುಂದೆ ಇನ್ನೊಂದು ಆಪರೇಷನ್, ಅದಕ್ಕೂ ಖರ್ಚಿದೆ. 40 ಸಾವಿರ ಅಲ್ಲಿಗೇ ಸಾಲಲ್ಲ.

ಇನ್ನೊಂದು ಮಾತು. ವಾರ್ಡ್ ಹತ್ತಿರ, ಮೆಡಿಕಲ್ ಶಾಪ್ ಹತ್ತಿರ ಕೆಲವರು ಬಂದು ‘ಕೇಸ್ ನಾವು ನೋಡ್ಕೋತೀವಿ, ಬಂದ ದುಡ್ಡಲ್ಲಿ ಇಷ್ಟು ಪರ್ಸೆಂಟ್ ಕೊಡಿ’ ಅಂತಾರೆ. ಅವರ ಕೈಗೆ ಒರಿಜಿನಲ್ ಬಿಲ್, ಎಕ್ಸ್‌ರೇ ಕೊಡಬೇಡಿ. ಖಾಲಿ ಹಾಳೆಗೆ ಸಹಿ ಅಂತೂ ಹಾಕಲೇಬೇಡಿ. ನಮ್ಮ ಎಕ್ಸ್‌ರೇ ಹಾಗೇ ಹೋಗಿ ಆರು ತಿಂಗಳು ಅಲೆದಿದ್ದೇವೆ.

ಬಾಡಾ ಕ್ರಾಸ್:

ನಾನು ಬೇರೆ ಥರ ಹೇಳ್ತೀನಿ, ಬೇಜಾರಾಗಬೇಡಿ. ಒಂದೇ ಲೇಔಟ್‌ನಲ್ಲಿ ದಿನಾ ಮುಖ ನೋಡಬೇಕು. ಕೋರ್ಟ್ ಅಂದರೆ ವರ್ಷಗಟ್ಟಲೆ. ನಾಲ್ಕು ಜನ ಹಿರಿಯರನ್ನು ಕೂರಿಸಿ ಒಂದೂವರೆ ಲಕ್ಷಕ್ಕೆ ಮಾತಾಡಿ ಮುಗಿಸಿ. ಪಾಪ, ಅವರೂ ಸಾಲ ಮಾಡಿ ಕಾರು ತಗೊಂಡಿರಬಹುದು.

ಕೋರ್ಟ್ ಕಟ್ಟೆ:

ಬಾಡಾ ಕ್ರಾಸ್ ಅಣ್ಣಾ, ಇಲ್ಲಿ ಬಹಳ ಜನ ತಪ್ಪು ತಿಳಿಯುವುದು ಇದನ್ನೇ. ಪರಿಹಾರ ಕೊಡುವುದು ಆ ಮನೆಯವರ ಜೇಬಿನಿಂದ ಅಲ್ಲ. ಕಾರಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಚಾಲ್ತಿಯಲ್ಲಿದ್ದರೆ ಕಂಪನಿ ಕಟ್ಟುತ್ತದೆ, ಅದಕ್ಕೇ ಅಲ್ವಾ ವರ್ಷಾ ವರ್ಷಾ ಪ್ರೀಮಿಯಂ ಕಟ್ಟುವುದು? ಇದನ್ನು ಆ ಮನೆಯವರಿಗೂ ತಿಳಿಸಿ ಹೇಳಿ, ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ. ಆದರೆ ಡ್ರೈವರ್ ಮೇಲೆ ಕ್ರಿಮಿನಲ್ ಕೇಸ್ ಆಗುವುದು ನಿಜ, ಅದನ್ನು ಮುಚ್ಚಿಡಬೇಡಿ.

ತಂಗಿ, ನಾನು ವಕೀಲ, ಎಂವಿಸಿ, ಅಂದರೆ ವಾಹನ ಅಪಘಾತ ಪರಿಹಾರದ ಕೇಸ್‌ಗಳನ್ನು ನಡೆಸುತ್ತೇನೆ. ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಕೆಳಗೆ ಅರ್ಜಿ ಹಾಕಬೇಕು. ಅಪಘಾತ ಆದ ಜಾಗದ ಅಥವಾ ನೀವು ವಾಸವಿರುವ ಜಾಗದ ಟ್ರಿಬ್ಯುನಲ್‌ನಲ್ಲಿ (ಅಪಘಾತ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿ) ಹಾಕಬಹುದು, ನಿಮಗೆ ಎರಡೂ ದಾವಣಗೆರೆಯೇ. ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕು ಎಂಬ ಗಡುವು 2022ರ ಏಪ್ರಿಲ್ 1ರಿಂದ ಬಂದಿದೆ. ಕಾಲು ವಾಸಿಯಾಗಲಿ, ಆಮೇಲೆ ನೋಡೋಣ ಅಂತ ಕೂರಬೇಡಿ.

ಡಿಎಲ್ ಇಲ್ಲ ಎಂಬುದಕ್ಕೆ ದಂಡ ಬೀಳಬಹುದು. ಆದರೆ ಡಿಎಲ್ ಇಲ್ಲದ್ದಕ್ಕೇ ತಪ್ಪು ಅಪ್ಪನದು ಅಂತ ಆಗಲ್ಲ, ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಗುದ್ದಿದ್ದು ಯಾರ ಅಜಾಗರೂಕತೆಯಿಂದ ಎಂಬುದೇ ಮುಖ್ಯ. ಟಿವಿಎಸ್ ಇನ್ಶೂರೆನ್ಸ್ ಮುಗಿದಿದ್ದರೂ ಕಾರಿನ ಕಂಪನಿ ಮೇಲೆ ಕ್ಲೇಮ್ ಮಾಡಲು ಅಡ್ಡಿ ಇಲ್ಲ.

ನಿಜವಾದ ತೊಡಕು ಆ ‘ಸೆಲ್ಫ್ ಫಾಲ್’. ಇನ್ಶೂರೆನ್ಸ್ ವಕೀಲರು ಮೊದಲು ತೆಗೆಯುವ ಕಾಗದವೇ ಎಂಎಲ್‌ಸಿ, ಅಂದರೆ ಗಾಯ ಹೇಗಾಯಿತು ಅಂತ ಆಸ್ಪತ್ರೆಯವರು ಬರೆದುಕೊಂಡ ದಾಖಲೆ. ಅದನ್ನು ಅಳಿಸಿ ಬರೆಸಲು ಹೋಗಬೇಡಿ, ತಿದ್ದಿದ ದಾಖಲೆ ಕೇಸನ್ನೇ ಮುಳುಗಿಸುತ್ತದೆ. ಹಾಲಿನ ಹುಡುಗ ಪೊಲೀಸರ ಮುಂದೆ ‘ನಾನು ಗುದ್ದಿದ್ದು ನೋಡಿಲ್ಲ, ಬಿದ್ದವರನ್ನು ನೋಡಿ ಹಾಗೆ ಹೇಳಿದೆ’ ಅಂತ ಹೇಳಿಕೆ ಕೊಡಲಿ. ಅದು ಸತ್ಯ ಕೂಡ. ಆಸ್ಪತ್ರೆಯ ಕೇಸ್ ಶೀಟ್ ಪೂರ್ತಿ ಜೆರಾಕ್ಸ್ ತೆಗೆಸಿ. ಅಪ್ಪನಿಗೆ ಎಚ್ಚರ ಬಂದ ಮೇಲೆ ಡಾಕ್ಟರ್‌ಗೆ ‘ಕಾರು ಗುದ್ದಿತು’ ಅಂದಿದ್ದರೆ ಒಳಗಿನ ಪುಟಗಳಲ್ಲಿ ಎಲ್ಲೋ ಇದ್ದೇ ಇರುತ್ತದೆ.

ದುಡ್ಡಿನ ಲೆಕ್ಕ ಹೇಗೆ ಹಾಕ್ತಾರೆ ಅಂತ ತಿಳಿದಿರಲಿ. ಉದಾಹರಣೆಗೆ ತಿಂಗಳಿಗೆ 15,000 ಆದಾಯ, ಶಾಶ್ವತ ಊನದಿಂದ ದುಡಿಮೆಗೆ ಶೇ 10ರಷ್ಟು ಪೆಟ್ಟು ಅಂತ ಟ್ರಿಬ್ಯುನಲ್ ಒಪ್ಪಿತು ಅಂದುಕೊಳ್ಳಿ. 46ರಿಂದ 50 ವಯಸ್ಸಿಗೆ 13ರ ಗುಣಕ, ಅಂದರೆ ವರ್ಷದ ಆದಾಯವನ್ನು 13ರಿಂದ ಗುಣಿಸುತ್ತಾರೆ. 15,000 × 12 × 13, ಅದರಲ್ಲಿ ಶೇ 10 ಅಂದರೆ 2,34,000. ಇದು ಮುಂದಿನ ದುಡಿಮೆಯ ನಷ್ಟ ಮಾತ್ರ. ಆಸ್ಪತ್ರೆ ಬಿಲ್, ಮಲಗಿದ್ದ ತಿಂಗಳುಗಳ ಕೂಲಿ, ನೋವು, ಓಡಾಟ, ನೋಡಿಕೊಳ್ಳುವವರ ಖರ್ಚು ಬೇರೆ ಬೇರೆ. ಭಟ್ಟಿಯಲ್ಲಿ ನಿಲ್ಲಲು ಆಗದಿದ್ದರೆ ಅದನ್ನು ಒತ್ತಿ ಹೇಳಬೇಕು. ಕುಳಿತು ಕೆಲಸ ಮಾಡುವವರ ಕಾಲಿಗೂ ನಿಂತು ದುಡಿಯುವವರ ಕಾಲಿಗೂ ಒಂದೇ ಲೆಕ್ಕ ಅಲ್ಲ. ಸಂಬಳ ಚೀಟಿ ಇಲ್ಲದಿದ್ದರೂ ಪರವಾಗಿಲ್ಲ, ಭಟ್ಟಿ ಮಾಲೀಕರು ಬಂದು ಸಾಕ್ಷಿ ಹೇಳಿದರೆ ಒಳ್ಳೆಯದು.

ಪರ್ಸೆಂಟ್ ಲೆಕ್ಕದಲ್ಲಿ ಫೀಸು ಮಾತಾಡುವುದು ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ವರ್ಷದ ಆದಾಯ 3 ಲಕ್ಷಕ್ಕಿಂತ ಕಡಿಮೆ ಇದ್ದರೆ ಉಚಿತ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಬೇಗ ಮುಗಿಯಬೇಕು ಅಂದರೆ ಲೋಕ ಅದಾಲತ್ ಇದೆ, ಆದರೆ ಅಲ್ಲಿ ಒಪ್ಪಿದ ಮೇಲೆ ಅಪೀಲು ಇಲ್ಲ. ಊನದ ಪ್ರಮಾಣ ಗೊತ್ತಾಗುವ ಮುಂಚೆ ಒಪ್ಪಬೇಡಿ.

ನಿಟುವಳ್ಳಿ ಮಾವ:

ನಾನು ಪೊಲೀಸ್ ಇಲಾಖೆಯಲ್ಲಿ ಇದ್ದವನು, ಈಗ ನಿವೃತ್ತಿ. ಅಮ್ಮಾ, ಹನ್ನೊಂದು ದಿನ ತಡ ಅಂತ ಹೆದರಬೇಡ. ಕಂಪ್ಲೇಂಟ್‌ನಲ್ಲೇ ಯಾಕೆ ತಡವಾಯಿತು ಅಂತ ಬರಿ: ಚಿಕಿತ್ಸೆಯಲ್ಲಿ ಇದ್ದೆವು, ಖರ್ಚು ಕೊಡುತ್ತೇವೆ ಅಂತ ಅವರು ಹೇಳಿದ್ದರು. ತಡವಾಯಿತು ಎಂಬ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕಬಾರದು ಅಂತ 2011ರ ಸುಪ್ರೀಂ ಕೋರ್ಟ್ ತೀರ್ಪು ಇದೆ, ರವಿ ವಿರುದ್ಧ ಬದ್ರಿನಾರಾಯಣ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆದುಕೋ. ಠಾಣೆಯಲ್ಲಿ ಕಂಪ್ಲೇಂಟ್ ತಗೊಳ್ಳಲ್ಲ ಅಂದರೆ ಎಸ್ಪಿಗೆ ರಿಜಿಸ್ಟರ್ಡ್ ಪೋಸ್ಟ್ ಹಾಕು.

ಟಿವಿಎಸ್ ರಿಪೇರಿ ಮಾಡಿಸಿಲ್ಲ ತಾನೇ? ಮುಟ್ಟಬೇಡ. ಆರ್‌ಟಿಒ ಇನ್‌ಸ್ಪೆಕ್ಟರ್ ನೋಡಿ ಐಎಂವಿ ರಿಪೋರ್ಟ್ (ಗಾಡಿಗೆ ಆದ ಹಾನಿಯ ವರದಿ) ಬರೆಯಬೇಕು. ಎಡಗಡೆ ಫುಟ್‌ರೆಸ್ಟ್ ಒಳಕ್ಕೆ ಬಾಗಿ, ಅಲ್ಲಿ ಕಾರಿನ ಬಣ್ಣ ಮೆತ್ತಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ತಾನಾಗೇ ಬಿದ್ದ ಗಾಡಿಗೆ ಬೇರೆ ಬಣ್ಣ ಎಲ್ಲಿಂದ ಬರುತ್ತದೆ? ಕ್ರಾಸ್‌ನಲ್ಲಿ ಅಂಗಡಿ ಕ್ಯಾಮೆರಾ ಇದ್ದರೆ ಇವತ್ತೇ ಹೋಗು, ಹಳೆಯದರ ಮೇಲೆ ಹೊಸದು ಬಂದು ಅಳಿಸಿ ಹೋಗುತ್ತದೆ.

ಓದುತ್ತಿರುವ ಬೇರೆಯವರಿಗೂ ಒಂದು ವಿಷಯ. 2025ರ ಮೇ 5ರಿಂದ ಅಪಘಾತದ ಗಾಯಾಳುಗಳಿಗೆ ಮೊದಲ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಇದೆ, ಯೋಜನೆಯಲ್ಲಿರುವ ಆಸ್ಪತ್ರೆಗಳಲ್ಲಿ. ಪೊಲೀಸರಿಗೆ ತಿಳಿಸದೆ ಸುಮ್ಮನಿದ್ದರೆ ಅದೂ ಕೈತಪ್ಪುತ್ತದೆ. ಈ ಹುಡುಗಿ ಮನೆಯವರಿಗೆ ಆಗಿದ್ದೂ ಅದೇ ಅನ್ನಿಸಿ ಹೊಟ್ಟೆ ಉರಿಯಿತು.

ಹದಡಿ ರಸ್ತೆ ಮಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿಟುವಳ್ಳಿ ಮಾವ ಹೇಳಿದ ಮೇಲೆ ರಾತ್ರಿಯೇ ಟಾರ್ಚ್ ಹಿಡಿದು ಟಿವಿಎಸ್ ನೋಡಿದೆ. ಫುಟ್‌ರೆಸ್ಟ್ ಬಾಗಿದೆ, ಕಪ್ಪು ರಾಡ್ ಮೇಲೆ ಬೆರಳಗಲ ಬಿಳಿ ಬಣ್ಣ ಅಂಟಿದೆ. ಅವರ ಕಾರು ಬಿಳಿಯದೇ. ಫೋಟೋ ತೆಗೆದು ಗಾಡಿ ಮೇಲೆ ತಾಡಪಾಲು ಹೊದಿಸಿದ್ದೇನೆ.

ಅಂಗಡಿ ಕ್ಯಾಮೆರಾದಲ್ಲಿ ಏಳು ದಿನದ್ದು ಮಾತ್ರ ಇರುತ್ತದಂತೆ, ಹೋಗಿಬಿಟ್ಟಿದೆ. ಆದರೆ ಮೂಲೆ ಮನೆಯ ಅಜ್ಜಿ ಆ ಹೊತ್ತಿಗೆ ಬಾಗಿಲಿಗೆ ನೀರು ಹಾಕುತ್ತಿದ್ದರಂತೆ, ಕಣ್ಣಾರೆ ನೋಡಿದ್ದಾರೆ. ಯಾರೂ ಕೇಳಲಿಲ್ಲ ಅಂತ ಸುಮ್ಮನಿದ್ದರು. ಇವತ್ತು ಅವರೇ ಸೆರಗು ಹೊದ್ದು ನನ್ನ ಜೊತೆ ಆಟೋ ಹತ್ತಿ ಠಾಣೆಗೆ ಬಂದರು. ಎಫ್‌ಐಆರ್ ಆಯಿತು. ಕಾರಿನ ಮನೆಯವರಿಗೂ ಇನ್ಶೂರೆನ್ಸ್ ವಿಷಯ ಹೇಳಿದೆವು. ಆ ಅಕ್ಕ ಮಾತಾಡಲಿಲ್ಲ, ಪಾಲಿಸಿ ಜೆರಾಕ್ಸ್ ಮಾತ್ರ ಸಂಜೆ ಮಗನ ಕೈಯಲ್ಲಿ ಕಳಿಸಿದರು. ಸೋಮವಾರ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗ್ತೀನಿ. ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಬಿಲ್ಲುಗಳು ಎತ್ತಿಟ್ಟಿದ್ದೇನೆ, ಬೇರೆ ಏನಾದರೂ ಬೇಕಾದರೆ ಅಷ್ಟರೊಳಗೆ ಹೇಳಿ.