ಪದಚರ್ಚೆ: ಭಾವನೆಗಳ ‘ನಿಯಂತ್ರಣ’ ಸರಿಯೇ? ‘ಸಾವರಿಕೆ’ ಆದೀತೇ?

ಬಳಗದವರಿಗೆ ನಮಸ್ಕಾರ.

ಶಿರಸಿ ಸೀಮೆಯ ಹೈಸ್ಕೂಲು ಶಿಕ್ಷಕರಿಗಾಗಿ ಮೈಂಡ್‌ಫುಲ್‌ನೆಸ್ (ಈ ಕ್ಷಣದಲ್ಲಿ ಆಗುತ್ತಿರುವುದನ್ನು ಎಚ್ಚರದಿಂದ ಗಮನಿಸುವ ಅಭ್ಯಾಸ) ತರಬೇತಿಯ ಬಗ್ಗೆ ಒಂದು ಕಿರುಹೊತ್ತಿಗೆ ಕನ್ನಡದಲ್ಲಿ ತಯಾರಾಗುತ್ತಿದೆ. ಅದರ ಭಾಷೆ ತಿದ್ದುವ ಕೆಲಸ ನನ್ನದು. ‘ಎಮೋಷನ್ ರೆಗ್ಯುಲೇಶನ್’ ಬಂದಲ್ಲೆಲ್ಲ ಕರಡಿನಲ್ಲಿ ‘ಭಾವನೆಗಳ ನಿಯಂತ್ರಣ’ ಎಂದಿದೆ. ಪತ್ರಿಕೆಗಳಲ್ಲೂ ಇದೇ ರೂಢಿ. ಈ ಪದ ನನಗೆ ಒಪ್ಪಿಗೆಯಿಲ್ಲ. ಕಾರಣ ಹೇಳುತ್ತೇನೆ, ಬೇರೆ ಪದವಿದ್ದರೆ ತಿಳಿಸಿ.

‘ಸಿಟ್ಟು ನಿಯಂತ್ರಿಸಿಕೋ’ ಎಂದರೆ ಮಕ್ಕಳು ತಿಳಿದುಕೊಳ್ಳುವುದು ‘ಸಿಟ್ಟು ನುಂಗು, ಮುಖದ ಮೇಲೆ ಕಾಣಿಸಬೇಡ’ ಎಂದೇ. ಆದರೆ ನುಂಗುವುದರಿಂದ ಏನಾಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ 1993ರಲ್ಲೇ ತೋರಿಸಿದ್ದಾರೆ. ಅಸಹ್ಯ ಹುಟ್ಟಿಸುವ ದೃಶ್ಯ ನೋಡುತ್ತ ಮುಖಭಾವ ಅದುಮಿಟ್ಟವರಿಗೆ ಒಳಗಿನ ಅಸಹ್ಯ ಕಡಿಮೆಯಾಗಲಿಲ್ಲ. ಚರ್ಮದ ಬೆವರಿನಂಥ ಉದ್ವೇಗದ ಗುರುತುಗಳು ಮಾತ್ರ ಇನ್ನೂ ಏರಿದವು. ಅಂದರೆ ಯಾವುದನ್ನು ಮಾಡಬೇಡಿ ಎಂದು ಹೊತ್ತಿಗೆ ಹೇಳಬೇಕೋ, ಅದನ್ನೇ ನಮ್ಮ ‘ನಿಯಂತ್ರಣ’ ಮಾಡಿರೆಂದು ಹೇಳುತ್ತದೆ. ಪರೀಕ್ಷೆಯ ಹೆದರಿಕೆಯಲ್ಲಿರುವ ಹತ್ತನೇ ಇಯತ್ತೆಯ ಹುಡುಗಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಮೈಂಡ್‌ಫುಲ್‌ನೆಸ್ ಕಲಿಸುವುದು ಬೇರೆಯದನ್ನು. ಬಂದ ಭಾವವನ್ನು ಓಡಿಸದೆ, ಅದರ ಹಿಂದೆ ತಾನೂ ಓಡದೆ, ‘ಇದು ಬಂದಿದೆ’ ಎಂದು ಗುರುತಿಸುವುದನ್ನು. ಮೆದುಳಿನ ಮಟ್ಟಿಗೆ ಇದಕ್ಕೆ ಹತ್ತಿರದ ಪ್ರಯೋಗವೊಂದು 2007ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರಿಂದ ಬಂತು. ಸಿಟ್ಟಿನ ಅಥವಾ ಭಯದ ಮುಖ ತೋರಿಸಿ, ಕೆಲವು ಸಲ ಆ ಭಾವದ ಹೆಸರನ್ನು, ಕೆಲವು ಸಲ ಆ ಮುಖಕ್ಕೊಪ್ಪುವ ಗಂಡಸಿನ ಅಥವಾ ಹೆಂಗಸಿನ ಹೆಸರನ್ನು ಆರಿಸಲು ಹೇಳಿದರು. ಭಾವಕ್ಕೆ ಹೆಸರಿಟ್ಟಾಗ ಅಮಿಗ್ಡಲದ ಚಟುವಟಿಕೆ ತಗ್ಗಿತು, ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸಿನ ಬಲಭಾಗದ ಒಂದು ತಾಣ ಚುರುಕಾಯಿತು. ಅಮಿಗ್ಡಲ ಎಂದರೆ ಅಪಾಯವನ್ನು ಥಟ್ಟನೆ ಗುರುತಿಸುವ, ಬಾದಾಮಿಯಾಕಾರದ ನರಕೋಶಗಳ ಗುಂಪು. ನನಗೆ ಇದು ಭಾಷೆಯವರು ಓದಲೇಬೇಕಾದ ಫಲಿತಾಂಶ. ದಿಗಿಲು, ತಳಮಳ, ಕಸಿವಿಸಿ, ಹಳಹಳಿ, ದುಗುಡ ಎಂದು ಬಿಡಿಸಿ ಹೇಳಬಲ್ಲ ಹುಡುಗನಿಗೆ ಎಲ್ಲಕ್ಕೂ ‘ಟೆನ್ಶನ್’ ಎನ್ನುವುದನ್ನು ನಾವೇ ಕಲಿಸುತ್ತಿದ್ದೇವೆ.

ಇನ್ನೊಂದು ಸಂಗತಿಯೂ ‘ನಿಯಂತ್ರಣ’ಕ್ಕೆ ಒಗ್ಗುವುದಿಲ್ಲ. 2011ರ ಒಂದು ಅಧ್ಯಯನದಲ್ಲಿ ಝೆನ್ ಧ್ಯಾನವನ್ನು ಹೊಸದಾಗಿ ಕಲಿತವರು ಮನ ಕಲಕುವ ಚಿತ್ರಗಳನ್ನು ಹೀಗೆ ಎಚ್ಚರದಿಂದ ನೋಡಿದಾಗ ಅಮಿಗ್ಡಲದ ಚಟುವಟಿಕೆ ಇಳಿಯಿತು. ಬಹುಕಾಲದ ಸಾಧಕರಲ್ಲಿ ಹಾಗಾಗಲಿಲ್ಲ, ಬದಲಿಗೆ ‘ನಾನು, ನನ್ನದು’ ಎಂದು ಯೋಚನೆ ಹೆಣೆಯುವ ಜಾಲ ತಣ್ಣಗಾಯಿತು. ಮೇಲಿನಿಂದ ಹಿಡಿದೆಳೆಯುವ ಲಗಾಮಿನ ಚಿತ್ರ ಅಲ್ಲಿ ಹೊಂದುವುದೇ ಇಲ್ಲ.

ಕರಡಿನ ‘ಮೆದುಳೇ ಬದಲಾಗುತ್ತದೆ’ ಎಂಬ ವಾಕ್ಯವನ್ನು ತೆಗೆಸಿದ್ದೇನೆ. 8 ವಾರದ ತರಬೇತಿಯಿಂದ ಮೆದುಳಿನ ಬೂದುದ್ರವ್ಯ (ನರಕೋಶಗಳು ದಟ್ಟವಾಗಿರುವ ಭಾಗ) ಹೆಚ್ಚಿತೆಂಬ 2011ರ ವರದಿ ಬಹಳ ಸುದ್ದಿಯಾಯಿತು. 2022ರಲ್ಲಿ 200ಕ್ಕೂ ಹೆಚ್ಚು ಜನರ ಮೇಲೆ ನಡೆದ ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಅಂಥ ಬದಲಾವಣೆ ಸಿಗಲಿಲ್ಲ. ಆದ್ದರಿಂದ ‘ರಚನೆ’ ಬೇಡ, ‘ಚಟುವಟಿಕೆ’ ಸಾಕು.

ಮೈಂಡ್‌ಫುಲ್‌ನೆಸ್‌ಗೂ ಪದ ಬೇಕು. ಮೂಲ ಬೌದ್ಧ ಗ್ರಂಥಗಳ ಪಾಲಿ ಭಾಷೆಯ ‘ಸತಿ’, ಸಂಸ್ಕೃತದ ‘ಸ್ಮೃತಿ’. ಅದಕ್ಕೆ ಈ ಇಂಗ್ಲಿಷ್ ಪದವನ್ನು 1881ರಲ್ಲಿ ಬಳಸಿದವರು ಪಾಲಿ ವಿದ್ವಾಂಸ ರೀಸ್ ಡೇವಿಡ್ಸ್. ಮ್ಯಾಸಚೂಸೆಟ್ಸಿನಲ್ಲಿ ಜಾನ್ ಕಬಾಟ್-ಝಿನ್ 1979ರಲ್ಲಿ ಅದನ್ನು ಆಸ್ಪತ್ರೆಗೆ ತಂದರು. ಆದರೆ ‘ಸತಿ’ ನಮ್ಮ ಸೀಮೆಗೆ ಹೊಸತೇನಲ್ಲ. ಅಶೋಕನ ಕಾಲದಲ್ಲಿ ಬೌದ್ಧ ಭಿಕ್ಷು ರಕ್ಖಿತ ಥೇರನನ್ನು ವನವಾಸಕ್ಕೆ, ಅಂದರೆ ನಮ್ಮ ಬನವಾಸಿ ಸೀಮೆಗೆ, ಕಳಿಸಿದರೆಂದು ಶ್ರೀಲಂಕೆಯ ಹಳೆಯ ಪಾಲಿ ಚರಿತ್ರೆಯಾದ ಮಹಾವಂಸ ಹೇಳುತ್ತದೆ. ಮಧುಕೇಶ್ವರ ದೇವಾಲಯದ ನಾಗಶಿಲೆಯ ಪ್ರಾಕೃತ ಶಾಸನದಲ್ಲಿ ವಿಹಾರದ ದಾನದ ಮಾತಿದೆ. ಇಂದಿಗೂ ಇದೇ ಜಿಲ್ಲೆಯ ಮುಂಡಗೋಡದ ಟಿಬೆಟನ್ ಮಠಗಳಲ್ಲಿ ಅದೇ ಅರ್ಥದ ‘ದ್ರೆನ್ಪ’ ನಿತ್ಯದ ಮಾತು. ಅಲ್ಲಿಯ ಡ್ರೆಪುಂಗ್ ಮಠದಲ್ಲೇ 2013ರ ಜನವರಿಯಲ್ಲಿ ದಲೈ ಲಾಮಾ ಅವರೊಡನೆ ನರವಿಜ್ಞಾನಿಗಳು ದಿನಗಟ್ಟಲೆ ಕೂತು ಮಾತಾಡಿದರು.

ಹಾಗೆಂದು ‘ಸ್ಮೃತಿ’ ಬಳಸೋಣವೆಂದರೆ ಓದುಗರಿಗೆ ಹೊಳೆಯುವುದು ನೆನಪು, ಇಲ್ಲವೇ ಮನುಸ್ಮೃತಿ. ಯಕ್ಷಗಾನದ ಒಡನಾಟವಿದ್ದವರಿಗೆ 33 ಸಂಚಾರಿ (ಬಂದು ಹೋಗುವ) ಭಾವಗಳಲ್ಲಿ ಅದೂ ಒಂದು. ‘ಸಾವಧಾನತೆ’ ಚಲಾವಣೆಯಲ್ಲಿದೆ, ಆದರೆ ‘ಸಾವಧಾನ ಬಾ’ ಎಂದರೆ ಘಟ್ಟದ ಮೇಲೆ ‘ನಿಧಾನ ಬಾ’ ಎಂದೇ. ನನ್ನ ಒಲವು ‘ಎಚ್ಚರ’ದ ಕಡೆಗೆ. ‘ಮೈಮೇಲೆ ಎಚ್ಚರ ಇಲ್ಲ’ ಎಂಬ ಮಾತಿನಲ್ಲಿ ದೇಹವೂ ಸೇರಿದೆ. ಉಸಿರು ಗಮನಿಸುವುದರಿಂದ ಶುರುವಾಗುವ ತರಬೇತಿಗೆ ಅದು ಒಪ್ಪುತ್ತದೆ.

‘ನಿಯಂತ್ರಣ’ದ ಜಾಗಕ್ಕೆ ನನಗೆ ಹೊಳೆದದ್ದು ‘ಸಾವರಿಸಿಕೊಳ್ಳು’. ಎಡವಿದವನು ಸಾವರಿಸಿಕೊಳ್ಳುತ್ತಾನೆ, ದುಃಖದ ಸುದ್ದಿ ಕೇಳಿದವಳೂ ಸಾವರಿಸಿಕೊಳ್ಳುತ್ತಾಳೆ. ಅಲುಗಾಟ ಆಗಿದ್ದನ್ನು ಈ ಪದ ಮುಚ್ಚಿಡುವುದಿಲ್ಲ. ತೊಡಕು ನಾಮಪದದ್ದು. ‘ಬೇಸರಿಕೆ’ಯ ಹಾಗೆ ‘ಸಾವರಿಕೆ’ ಮಾಡಿಕೊಳ್ಳಬಹುದು, ಆದರೆ ಒಬ್ಬ ಶಿಕ್ಷಕಿ ಅದರಲ್ಲಿ ಮೊದಲಿಗೆ ‘ಸಾವು’ ಕೇಳಿಸುತ್ತದೆ ಎಂದರು. ಆ ಆಕ್ಷೇಪವನ್ನು ತಳ್ಳಿಹಾಕಲಾರೆ. ‘ಸುಧಾರಿಸಿಕೊಳ್ಳು’ ಚಂದವಿದೆ, ಆದರೆ ‘ಸುಧಾರಣೆ’ಯನ್ನು ಸಮಾಜ ಆಗಲೇ ತೆಗೆದುಕೊಂಡಿದೆ.

ಹಾಗಾಗಿ ಎರಡು ಪ್ರಶ್ನೆ. ‘ಸಾವರಿಕೆ’ ಹಳೆಯ ಬರಹದಲ್ಲಾಗಲಿ ಮಾತಿನಲ್ಲಾಗಲಿ ಎಲ್ಲಾದರೂ ಸಿಕ್ಕಿದೆಯೇ? ಕಾರವಾರ, ಅಂಕೋಲೆ ಕಡೆ ಮನಸ್ಸಿನ ವಿಷಯಕ್ಕೂ ‘ಸಂಭಾಳಿಸು’ ಎನ್ನುತ್ತಾರೆಯೇ, ಅಥವಾ ಮನೆ, ಮಕ್ಕಳು, ವ್ಯವಹಾರಕ್ಕೆ ಮಾತ್ರವೇ? ಕರಾವಳಿಯ ಸ್ನೇಹಿತರು ಮನೆಯಲ್ಲಿ ಆಡುವ ವಾಕ್ಯವನ್ನು ಇದ್ದ ಹಾಗೇ ಬರೆದು ಕಳಿಸಿದರೆ ಹೊತ್ತಿಗೆ ಅಚ್ಚಿಗೆ ಹೋಗುವುದರೊಳಗೆ ತಿದ್ದಿಕೊಳ್ಳಬಹುದು.