ಹಾಪ್ ಟೆಸ್ಟಲ್ಲಿ 95% ಬಂದಿದೆ, ಆಡಕ್ಕೆ ಕಳಿಸ್ಬಹುದಾ? ಜಂಪಿಂಗ್ ಬಗ್ಗೆ ಸ್ಪೋರ್ಟ್ಸ್ ಫಿಸಿಯೋ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಆಟಗಾರ್ತಿಯ ತಂದೆ): ನಮಸ್ತೆ ಮೇಡಂ. ಮಗಳಿಗೆ 17 ವರ್ಷ, ಬ್ಯಾಸ್ಕೆಟ್‌ಬಾಲ್ ಆಡ್ತಾಳೆ. ರೀಬೌಂಡ್‌ಗೆ ಹಾರಿ ಇಳಿಯೋವಾಗ ಎಡ ಮಂಡಿ ತಿರುಚ್ಕೊಂಡು ಎಸಿಎಲ್ (ಮಂಡಿ ಒಳಗೆ ಮೂಳೆಗಳನ್ನ ಹಿಡಿದಿಡೋ ಲಿಗಮೆಂಟ್) ಹರಿದೋಯ್ತು, ಆಪರೇಷನ್ ಆಗಿ ಈಗ ಆರೂವರೆ ತಿಂಗಳು. ನೋವಿಲ್ಲ, ಊತ ಇಲ್ಲ, ಚೆನ್ನಾಗೇ ಓಡ್ತಾಳೆ. ಹೋದ ವಾರ ಒಂಟಿ ಕಾಲಲ್ಲಿ ಮುಂದಕ್ಕೆ ಜಿಗಿಯೋ ಟೆಸ್ಟ್ ಮಾಡ್ಸಿದ್ರು, ಬಲಗಾಲಿಗೆ ಹೋಲಿಸಿದ್ರೆ 95% ದೂರ ಬಂದಿದೆ. 90 ದಾಟಿದ್ರೆ ಪಾಸ್ ಅಂತಾರಲ್ಲ ಮೇಡಂ, ಮುಂದಿನ ತಿಂಗಳು ಟೂರ್ನಮೆಂಟ್ ಇದೆ ಅಂತ ದಿನಾ ತಲೆ ತಿಂತಿದಾಳೆ. ಕಳಿಸ್ಲಾ?

ಫಿಸಿಯೋ: ಬೇಡ ಸರ್. ಮುಂದಿನ ತಿಂಗಳದ್ದಂತೂ ಬೇಡ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಮಗಳಿಗೂ ಓದಕ್ಕೆ ಕೊಡಿ, ಯಾಕಂದ್ರೆ "ಬೇಡ" ಅಂತ ಅಷ್ಟೇ ಹೇಳಿದ್ರೆ 17 ವರ್ಷದವರು ಯಾರೂ ಕೇಳಲ್ಲ.

ಮೊದಲ್ನೇದು ಆ 95%. ಒಂಟಿ ಕಾಲಲ್ಲಿ ಮುಂದಕ್ಕೆ ಜಿಗಿಯೋವಾಗ ನೆಲ ಒದ್ದು ಮೇಲೇಳೋ ಕೆಲಸ ಬಹುಪಾಲು ಸೊಂಟದ ಕೀಲು ಮತ್ತೆ ಆಂಕಲ್ ಮಾಡತ್ವೆ. ಮಂಡಿಯ ಪಾಲು ಅಳತೆ ಮಾಡಿ ನೋಡಿದಾಗ ಸುಮಾರು ಎಂಟರಲ್ಲಿ ಒಂದು ಪಾಲಷ್ಟೇ. ಅಂದ್ರೆ ಮಂಡಿ ಇನ್ನೂ ವೀಕ್ ಇದ್ರೂ ಮೀನಖಂಡ, ಪೃಷ್ಠದ ಸ್ನಾಯು ಚೆನ್ನಾಗಿರೋ ಹುಡುಗಿ ದೂರವನ್ನ ಆರಾಮಾಗಿ ತಲುಪಿಬಿಡ್ತಾಳೆ. ಆದ್ರೆ ಅದೇ ಜಿಗಿತದಲ್ಲಿ ಇಳಿಯೋವಾಗ ಲೆಕ್ಕ ಉಲ್ಟಾ, ಆಗ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಕೆಲಸ ಮಂಡೀದೇ. ಟೇಪ್ ಹಿಡಿದು ದೂರ ಅಳೆಯೋರು ಅಳೆಯೋದು ಮೊದಲರ್ಧದ ಫಲ, ಮಗಳ ಮಂಡಿ ಹರಿದಿದ್ದು ಎರಡನೇ ಅರ್ಧದಲ್ಲಿ. ಸುಮ್ನೆ ನಿಂತಲ್ಲೇ ಒಂಟಿ ಕಾಲಲ್ಲಿ ಮೇಲಕ್ಕೆ ಹಾರೋ ಟೆಸ್ಟಲ್ಲಿ ಮಂಡಿ ಇಷ್ಟು ಸುಲಭವಾಗಿ ತಪ್ಪಿಸ್ಕೊಳಕ್ಕಾಗಲ್ಲ, ಅಲ್ಲಿ ಅದರ ಪಾಲು ಸುಮಾರು ಮೂರನೇ ಒಂದು. ಅದನ್ನ ಮಾಡ್ಸಿ ನೋಡಿ, 95 ಇದ್ದಿದ್ದು ಎಷ್ಟೋ ಜನಕ್ಕೆ ತಟ್ಟಂತ ಕೆಳಗೆ ಬರತ್ತೆ.

ಇನ್ನೊಂದು ವಿಷ್ಯ, ಹೋಲಿಸ್ತಾ ಇರೋದು ಬಲಗಾಲಿಗೆ ಅಲ್ವಾ, ಆರು ತಿಂಗಳು ಆಟ ಇಲ್ದೆ ಆ ಕಾಲೂ ಇಳಿದಿರತ್ತೆ. ಇಳಿದಿರೋ ಕಾಲಿಗೆ ಹೋಲಿಸಿ 95 ಅಂದ್ರೆ ಅದಕ್ಕೆ ಎಷ್ಟು ಬೆಲೆ ಕೊಡೋಣ ಹೇಳಿ.

ಎರಡ್ನೇದು ಟೈಮ್. ನಾರ್ವೆ ಮತ್ತೆ ಅಮೆರಿಕದ ಆಟಗಾರರನ್ನ ಫಾಲೋ ಮಾಡಿದ ಸ್ಟಡಿ 2016ರಲ್ಲಿ ಬಂತು, ಅದ್ರಲ್ಲಿ 9 ತಿಂಗಳವರೆಗೆ ಆಟಕ್ಕೆ ಮರಳೋದನ್ನ ಒಂದೊಂದು ತಿಂಗಳು ಮುಂದಕ್ಕೆ ಹಾಕಿದಷ್ಟೂ ಮಂಡಿಗೆ ಮತ್ತೆ ಪೆಟ್ಟಾಗೋ ಪ್ರಮಾಣ ಅರ್ಧದಷ್ಟು ಕಮ್ಮಿ ಆಗ್ತಾ ಹೋಗಿದೆ. 25ಕ್ಕಿಂತ ಚಿಕ್ಕ ವಯಸ್ಸಿನ, ವಾಪಸ್ ಆಟಕ್ಕೆ ಇಳಿದವರಲ್ಲಿ ಸುಮಾರು 23% ಜನಕ್ಕೆ ಮತ್ತೆ ಎಸಿಎಲ್ ಹರಿಯತ್ತೆ, ಅದೇ ಕಾಲೋ ಇಲ್ಲಾ ಇನ್ನೊಂದೋ. ಹೆದರ್ಸಕ್ಕೆ ಹೇಳ್ತಿಲ್ಲ, ಒಂದು ಟೂರ್ನಮೆಂಟ್ ಬಿಟ್ರೆ ಹೋಗೋದು ಒಂದು ಟೂರ್ನಮೆಂಟ್ ಅಷ್ಟೇ.

ಪ್ರಶ್ನೆ (ಅದೇ ತಂದೆ): ಅರ್ಥ ಆಯ್ತು ಮೇಡಂ. ಹಾಗಾದ್ರೆ ಇಳಿಯೋದನ್ನ ನಾವು ಮನೇಲಿ ನೋಡೋದು ಹೇಗೆ? ನಮ್ ಕಣ್ಣಿಗೆ ಎಲ್ಲಾ ಸರಿ ಇರೋ ಹಾಗೇ ಕಾಣ್ಸತ್ತೆ.

ಫಿಸಿಯೋ: ಬರಿಗಣ್ಣಿಗೆ ಕಾಣ್ಸಲ್ಲ ಸರ್, ಯಾರಿಗೂ. ಎಸಿಎಲ್ ಹರಿಯೋದು ಕಾಲು ನೆಲಕ್ಕೆ ತಾಗಿದ ಮೇಲೆ ಸುಮಾರು 50 ಮಿಲಿಸೆಕೆಂಡ್ ಒಳಗೆ ಅಂತ ವಿಡಿಯೋ ಅನಾಲಿಸಿಸ್‌ನಿಂದ ಗೊತ್ತಾಗಿದೆ, ಅಂದ್ರೆ ರೆಪ್ಪೆ ಬಡಿಯೋದಕ್ಕಿಂತ ಬೇಗ. "ಅಯ್ಯೋ ಮಂಡಿ ಒಳಕ್ಕೆ ಹೋಗ್ತಿದೆ" ಅಂತ ಮೆದುಳಿಗೆ ಗೊತ್ತಾಗಿ ಸ್ನಾಯು ಬಿಗಿ ಮಾಡೋಷ್ಟ್ರಲ್ಲಿ ಕತೆ ಮುಗ್ದಿರತ್ತೆ. ಹಾಗಾಗಿ ಗಾಳೀಲಿ ಇರೋವಾಗ್ಲೇ ಕಾಲು ರೆಡಿ ಆಗಿರ್ಬೇಕು, ಇಳಿಯೋ ಪ್ರಾಕ್ಟೀಸ್ ಅಂದ್ರೆ ಅಸಲಿಗೆ ಇಳಿಯೋ ಮುಂಚಿನ ತಯಾರಿಯ ಪ್ರಾಕ್ಟೀಸು.

ಫೋನಲ್ಲಿ ಸ್ಲೋ ಮೋಷನ್ ಇಟ್ಟು ಎದುರಿಂದ ಒಂದು, ಪಕ್ಕದಿಂದ ಒಂದು ತೆಗೀರಿ. 30 ಸೆ.ಮೀ. ಎತ್ತರದ ಗಟ್ಟಿ ಪೆಟ್ಟಿಗೆ ಮೇಲಿಂದ ಎರಡು ಕಾಲಲ್ಲಿ ಕೆಳಗಿಳಿದು ನಿಲ್ಲೋದು, ಅಷ್ಟೇ. ಎದುರಿನ ವಿಡಿಯೋದಲ್ಲಿ ಮಂಡಿಚಿಪ್ಪು ಕಾಲಿನ ಎರಡನೇ ಬೆರಳ ನೇರಕ್ಕಿದ್ಯಾ ಇಲ್ಲಾ ಒಳಗಡೆ ವಾಲ್ತಾ ಇದ್ಯಾ ನೋಡಿ. ಜೊತೆಗೆ ಸೊಂಟ ಪೂರ್ತಿ ಬಲಕ್ಕೆ ಜಾರಿದ್ಯಾ ಅಂತ ನೋಡಿ, ಆಪರೇಷನ್ ಆದವರು ಗೊತ್ತೇ ಇಲ್ದೆ ಭಾರ ಎಲ್ಲಾ ಒಳ್ಳೇ ಕಾಲಿಗೆ ಹಾಕಿರ್ತಾರೆ. ಪಕ್ಕದ ವಿಡಿಯೋದಲ್ಲಿ ಮಂಡಿ ಎಷ್ಟು ಮಡಚತ್ತೆ ಅನ್ನೋದು ಮುಖ್ಯ.

ಮಡಚೋದು ಯಾಕೆ ಮುಖ್ಯ ಅಂತ ಲೆಕ್ಕ ಹಾಕಿ. 30 ಸೆ.ಮೀ. ಇಂದ ಬಿದ್ರೆ ನೆಲಕ್ಕೆ ತಾಗೋವಾಗ ವೇಗ ಸೆಕೆಂಡಿಗೆ ಸುಮಾರು 2.4 ಮೀಟರ್, ಇದನ್ನ ಯಾರೂ ತಪ್ಸಕ್ಕಾಗಲ್ಲ. ತಾಗಿದ ಮೇಲೆ ದೇಹ ಇನ್ನೂ 10 ಸೆ.ಮೀ. ಕೆಳಗಿಳಿದು ನಿಂತ್ರೆ ಆ ಹೊತ್ತಿನ ಸರಾಸರಿ ಬಲ ಮೈತೂಕದ 4 ಪಟ್ಟು, 30 ಸೆ.ಮೀ. ಇಳಿದು ನಿಂತ್ರೆ 2 ಪಟ್ಟು. ಅದೇ ಮಂಡಿ, ಅದೇ ಪೆಟ್ಟಿಗೆ, ಬಲ ಅರ್ಧ. ಸರಾಸರೀನೇ ಇಷ್ಟು, ಗರಿಷ್ಠ ಇನ್ನೂ ಮೇಲೆ ಹೋಗತ್ತೆ. ಸದ್ದನ್ನೂ ಕೇಳಿಸ್ಕೊಳ್ಳಿ, "ದಡ್" ಅಂದ್ರೆ ಗಟ್ಟಿಯಾಗಿ ಇಳಿದಿದಾಳೆ ಅಂತ. ಕೋಚ್‌ಗಳು "ಸದ್ದಿಲ್ದೆ ಇಳಿ" ಅಂತ ಹೇಳೋದು ಇದಕ್ಕೇ, "ಮಂಡಿ ಇಷ್ಟು ಡಿಗ್ರಿ ಮಡಚು" ಅನ್ನೋದಕ್ಕಿಂತ ಅದು ಚೆನ್ನಾಗಿ ಕೆಲಸ ಮಾಡತ್ತೆ.

ಒಂದು ಮೋಸ ಇದೆ ಆದ್ರೆ. ಎದೆ ಮುಂದಕ್ಕೆ ಬಗ್ಗಿಸಿ ಸೊಂಟ ಹಿಂದಕ್ಕೆ ತಳ್ಳಿ ಇಳಿದ್ರೂ ಸದ್ದು ಬರಲ್ಲ, ನೋಡಕ್ಕೂ ಚೆನ್ನಾಗಿರತ್ತೆ, ಆದ್ರೆ ಆಗ ಕೆಲಸ ಸೊಂಟಕ್ಕೆ ಹೋಗಿರತ್ತೆ, ತೊಡೆ ಮುಂದಿನ ಸ್ನಾಯು ಮತ್ತೆ ಬಚಾವ್. ಆರಂಭದಲ್ಲಿ ಅದು ಪರ್ವಾಗಿಲ್ಲ, ಆರೂವರೆ ತಿಂಗಳಿಗೆ ಒಪ್ಪಲ್ಲ ನಾನು. ತೊಡೆ ಸ್ನಾಯು ಬಲವನ್ನ ಮೆಷಿನ್ನಲ್ಲೇ ಒಂದೊಂದು ಕಾಲಿಗೆ ಅಳೆಸಿ.

ಪ್ರಶ್ನೆ (ವಾಲಿಬಾಲ್ ಆಟಗಾರ): ಮೇಡಂ ನಂದು ಬೇರೆ ಕೇಸು. ಮಂಡಿಚಿಪ್ಪಿನ ಕೆಳತುದೀಲಿ ಬೆರಳಿಟ್ಟು ತೋರ್ಸೋ ಅಂಥ ನೋವು, ವಾರ್ಮಪ್ ಆದ್ಮೇಲೆ ಹೋಗ್ಬಿಡತ್ತೆ, ಮಾರನೇ ದಿನ ಬೆಳಿಗ್ಗೆ ಮೆಟ್ಲು ಇಳಿಯೋವಾಗ ಮತ್ತೆ ಹಿಡ್ಕೊಳತ್ತೆ. ಎರಡು ಸಲ ಪೂರ್ತಿ ರೆಸ್ಟ್ ತಗೊಂಡೆ, ರೆಸ್ಟಲ್ಲಿ ಜೀರೋ ನೋವು, ಹಾರಕ್ಕೆ ಶುರು ಮಾಡಿದ ವಾರಕ್ಕೇ ವಾಪಸ್. ಏನ್ ಮಾಡ್ಲಿ?

ಫಿಸಿಯೋ: ನೋಡ್ದೆ ಖಚಿತವಾಗಿ ಹೇಳಲ್ಲ, ಆದ್ರೆ ಹೇಳ್ತಿರೋ ರೀತಿ ನೋಡಿದ್ರೆ ಜಂಪರ್ಸ್ ನೀ ಅನ್ಸತ್ತೆ, ಅಂದ್ರೆ ಮಂಡಿಚಿಪ್ಪಿನ ಕೆಳಗಿರೋ ಟೆಂಡನ್ (ಸ್ನಾಯುವನ್ನ ಮೂಳೆಗೆ ಕಟ್ಟೋ ಗಟ್ಟಿ ಪಟ್ಟಿ) ತೊಂದರೆ. ನಿಮ್ಮ ಆಟದಲ್ಲಿ ಇದು ಮಾಮೂಲು, ಟಾಪ್ ಲೆವೆಲ್ ಗಂಡಸರ ವಾಲಿಬಾಲ್‌ನಲ್ಲಿ 45% ಆಟಗಾರರಿಗೆ ಇತ್ತು ಅಂತ 2005ರ ಒಂದು ಸರ್ವೆ ಇದೆ.

ರೆಸ್ಟ್ ಯಾಕೆ ಕೈಕೊಡತ್ತೆ ಅಂದ್ರೆ, ಹಾರೋವಾಗ ಟೆಂಡನ್ ಸ್ಪ್ರಿಂಗ್ ಥರ ಎಳೆದು ಬಿಡತ್ತೆ. ಕುಗ್ಗಿ ತಕ್ಷಣ ಹಾರಿದ್ರೆ, ಕುಗ್ಗಿ ಎರಡು ಸೆಕೆಂಡ್ ನಿಂತು ಹಾರೋದಕ್ಕಿಂತ ಎತ್ತರ ಹೋಗ್ತೀವಲ್ಲ, ಅದರಲ್ಲಿ ಈ ಎಳೆತದ್ದೂ ಪಾಲಿದೆ, ಸ್ನಾಯುವಿಗೆ ಮೊದ್ಲೇ ಬಿಗಿ ಆಗಕ್ಕೆ ಸಿಗೋ ಟೈಮಿನದ್ದೂ ಇದೆ. ಬಲ ಎಷ್ಟು ಅನ್ನೋದರ ಜೊತೆ ಎಷ್ಟು ಬೇಗ ಬಂತು ಅನ್ನೋದೂ ಟೆಂಡನ್‌ಗೆ ಲೆಕ್ಕ. ರೆಸ್ಟ್ ಮಾಡಿದಾಗ ನೋವು ಹೋಗತ್ತೆ ನಿಜ, ಟೆಂಡನ್‌ನ ತಾಕತ್ತೂ ಜೊತೆಗೆ ಇಳಿಯತ್ತೆ, ವಾಪಸ್ ಬಂದ ದಿನ ಅದೇ ಹಳೇ ಲೋಡ್ ಕೊಟ್ರೆ ಇನ್ನೂ ವೀಕ್ ಆಗಿರೋ ಟೆಂಡನ್ ಮೇಲೆ ಕೊಟ್ಟ ಹಾಗೆ.

ದಾರಿ ಏನಂದ್ರೆ ಮೊದ್ಲು ಅಲುಗಾಡದೆ ಹಿಡಿಯೋದು, ಲೆಗ್ ಎಕ್ಸ್‌ಟೆನ್ಷನ್ ಮೆಷಿನ್ನಲ್ಲಿ (ಕೂತು ಭಾರದ ವಿರುದ್ಧ ಮಂಡಿ ಚಾಚೋದು) ಮಂಡಿ ಅರ್ಧ ಮಡಚಿ 45 ಸೆಕೆಂಡ್, 5 ಸಲ, ಮಧ್ಯ ಒಂದೆರಡು ನಿಮಿಷ ಬಿಡುವು, ತೂಕ ಜಾಸ್ತೀನೇ ಇರ್ಲಿ. ಆಮೇಲೆ ಭಾರವಾದ ನಿಧಾನ ಸ್ಕ್ವಾಟ್, ಲೆಗ್ ಪ್ರೆಸ್, ಒಂದು ರೆಪ್‌ಗೆ ಆರು ಸೆಕೆಂಡ್ ಹಿಡಿಯೋ ಹಾಗೆ, ವಾರಕ್ಕೆ 3 ದಿನ. ಅದು ಸಲೀಸಾದ ಮೇಲಷ್ಟೇ ಜಂಪ್. ಜಂಪಲ್ಲೂ ಮೊದ್ಲು ಎರಡು ಕಾಲು, ಆಮೇಲೆ ಒಂದು, ಕೊನೇಗೆ ಓಡಿ ಬಂದು ಹೊಡೆಯೋ ಸ್ಪೈಕ್ ಜಂಪ್. ಹಾರಾಟದ ಭಾರೀ ದಿನಗಳ ಮಧ್ಯೆ ಎರಡು ದಿನ ಗ್ಯಾಪ್ ಕೊಡಿ, ಟೆಂಡನ್ ರಿಪೇರಿ ಕೆಲಸ ಲೋಡ್ ಆದ ಮೇಲೆ ಎರಡು ಮೂರು ದಿನ ನಡೀತಾನೇ ಇರತ್ತೆ. ನೋವು 10ಕ್ಕೆ 3 ಇದ್ರೆ ಮುಂದುವರಿಸಿ, ಮಾರನೇ ದಿನ ಬೆಳಿಗ್ಗೆ ಮಾಮೂಲಿಗಿಂತ ಜಾಸ್ತಿ ಇದ್ರೆ ಹಿಂದಿನ ದಿನದ್ದು ಜಾಸ್ತಿ ಆಯ್ತು ಅಂತ ತಿಳ್ಕೊಳ್ಳಿ. ವಾರಗಳ ಮಾತಲ್ಲ ಇದು, ತಿಂಗಳುಗಳದ್ದು.

ಪ್ರಶ್ನೆ (ಫಿಟ್ನೆಸ್ ಕೋಚ್): ನಮ್ ಹುಡುಗ್ರು ಬಾಕ್ಸ್ ಜಂಪಲ್ಲಿ ಎತ್ತರಕ್ಕೆ ಪೈಪೋಟಿ ಮಾಡ್ತಾರೆ, ಡೆಪ್ತ್ ಜಂಪ್‌ಗೂ ಅದೇ ಬಾಕ್ಸ್ ಸಾಕಾ? ಎಷ್ಟು ಎತ್ತರ ಸರಿ?

ಫಿಸಿಯೋ: ಎರಡೂ ಬೇರೆ ಬೇರೆ ಸರ್, ಹೆಸರಲ್ಲಿ ಬಾಕ್ಸ್ ಇರೋದಷ್ಟೇ ಸಮಾನ. ಬಾಕ್ಸ್ ಮೇಲಕ್ಕೆ ಹಾರಿದ್ರೆ ಬೀಳೋ ದೂರ ಕಮ್ಮಿ, ಇಳಿತದ ಪೆಟ್ಟೂ ಕಮ್ಮಿ, ಅದಕ್ಕೇ ರಿಹ್ಯಾಬ್‌ನಲ್ಲಿ ಅದನ್ನ ಮೊದ್ಲು ಕೊಡ್ತೀವಿ, ಕೆಳಗೆ ಮಾತ್ರ ಹಾರ್ಬೇಡಿ ಹೆಜ್ಜೆ ಇಟ್ಟು ಇಳೀರಿ ಅಂತೀವಿ. ನಿಮ್ ಹುಡುಗ್ರ ಪೈಪೋಟೀಲಿ ಗೆಲ್ಲೋದು ಮಂಡಿಯನ್ನ ಎದೆಗೆ ಜಾಸ್ತಿ ಎಳ್ಕೊಳೋನು, ಜಾಸ್ತಿ ಹಾರೋನಲ್ಲ. ಅಂಚಿಗೆ ಮೊಣಕಾಲು ಕೆರ್ಕೊಂಡು ಬರೋದೂ ಅಲ್ಲೇ.

ಡೆಪ್ತ್ ಜಂಪ್ ಅಂದ್ರೆ ಕೆಳಗೆ ಬಿದ್ದು ತಕ್ಷಣ ಪುಟಿದು ಮೇಲಕ್ಕೆ. 1960ರ ದಶಕದಲ್ಲಿ ಸೋವಿಯತ್ ಕೋಚ್ ಯೂರಿ ವೆರ್ಖೊಶಾನ್ಸ್ಕಿ ಬೆಳೆಸಿದ ವಿಧಾನ, ಅವರು ಅದನ್ನ ಕರೆದಿದ್ದೇ ಶಾಕ್ ಮೆಥಡ್ ಅಂತ, ಚೆನ್ನಾಗಿ ತಯಾರಾದ ಅಥ್ಲೀಟ್‌ಗಳಿಗೆ, ಎಲ್ಲರಿಗೂ ಅಲ್ಲ. ಎತ್ತರ ಎಷ್ಟು ಅಂತ ಪುಸ್ತಕ ನೋಡ್ಬೇಡಿ, ಹುಡುಗನನ್ನ ನೋಡಿ. 20 ಸೆ.ಮೀ. ಇಂದ ಶುರು ಮಾಡಿ 10-10 ಏರಿಸ್ತಾ ಹೋಗಿ, ಪುಟಿದ ಎತ್ತರ ಇಳಿಯಕ್ಕೆ ಶುರುವಾಯ್ತಾ, ಹಿಮ್ಮಡಿ ನೆಲಕ್ಕೆ ಬಡೀತಾ, ನೆಲದ ಮೇಲೆ ಕಾಲು ಕಾಲ್ ಸೆಕೆಂಡಿಗಿಂತ ಜಾಸ್ತಿ ನಿಂತ್ಕೊಳ್ತಾ, ಅಲ್ಲಿಗೆ ನಿಲ್ಸಿ ಒಂದು ಮೆಟ್ಲು ಕೆಳಗೆ ಬನ್ನಿ. ಫೋನ್ ಸೆಕೆಂಡಿಗೆ 240 ಫ್ರೇಮ್‌ಗೆ ಇಟ್ರೆ ಕಾಲ್ ಸೆಕೆಂಡ್ ಅಂದ್ರೆ 60 ಫ್ರೇಮ್, ಎಣಿಸ್ಬಹುದು. ಎತ್ತರವೂ ಅದ್ರಲ್ಲೇ ಸಿಗತ್ತೆ: ಗಾಳೀಲಿದ್ದ ಸೆಕೆಂಡನ್ನ ಅದರಿಂದಲೇ ಗುಣಿಸಿ, 9.81ರಿಂದ ಗುಣಿಸಿ, 8ರಿಂದ ಭಾಗಿಸಿ. ಅರ್ಧ ಸೆಕೆಂಡ್ ಗಾಳೀಲಿದ್ರೆ ಸುಮಾರು 31 ಸೆ.ಮೀ. ಇಳಿಯೋವಾಗ ಮಂಡಿ ಮಡಚ್ಕೊಂಡು ಬಂದ್ರೆ ಟೈಮ್ ಸುಳ್ಳು ಸುಳ್ಳೇ ಜಾಸ್ತಿ ಬರತ್ತೆ, ಹುಡುಗ್ರು ಇದನ್ನ ಬೇಗ ಕಲೀತಾರೆ, ಕಣ್ಣಿಟ್ಟಿರಿ.

ಹೊಸಬರಿಗೆ ಒಂದು ಸೆಷನ್‌ಗೆ ಕಾಲು ನೆಲಕ್ಕೆ ತಾಗೋದು 80ರಿಂದ 100 ಸಲ ಸಾಕು ಅಂತ ವಾಡಿಕೆ. ಸೆಟ್‌ಗಳ ಮಧ್ಯೆ ಪೂರ್ತಿ ರೆಸ್ಟ್. ಏದುಸಿರು ಬಿಡ್ತಾ ಹಾರಿಸೋದು ಕಾರ್ಡಿಯೋ ಆಗತ್ತೆ, ಪ್ಲೈಯೊಮೆಟ್ರಿಕ್ಸ್ (ಹೀಗೆ ಪುಟಿದು ಹಾರೋ ತರಬೇತಿ) ಆಗಲ್ಲ.

ಪ್ರಶ್ನೆ (ಇನ್ನೊಬ್ಬರು): ಮರಳಲ್ಲಿ ಹಾರಿದ್ರೆ ಸೇಫ್ ಅಲ್ವಾ ಮೇಡಂ?

ಫಿಸಿಯೋ: ಪೆಟ್ಟು ಕಮ್ಮಿ, ಹೌದು. ಆದ್ರೆ ಮರಳು ಶಕ್ತಿ ನುಂಗ್ಬಿಡತ್ತೆ, ಪುಟಿಯೋ ಅಭ್ಯಾಸ ಆಗಲ್ಲ. ಶುರುವಿಗೆ ಓಕೆ, ಗಟ್ಟಿ ಕೋರ್ಟಲ್ಲಿ ಆಡೋರು ಕೊನೇಗೆ ಗಟ್ಟಿ ನೆಲದಲ್ಲೇ ತಯಾರಾಗ್ಬೇಕು.

ಪ್ರಶ್ನೆ (ಮೊದಲಿನ ತಂದೆ): ಮೇಡಂ ವಿಡಿಯೋ ಮಾಡಿದ್ವಿ. ನೀವು ಹೇಳಿದ್ ಹಾಗೇ ಸೊಂಟ ಬಲಕ್ಕೆ ಜಾರತ್ತೆ, ಅವಳಿಗೇ ಶಾಕು, "ನಾನು ಸಮ ನಿಂತಿದೀನಿ ಅನ್ಸತ್ತಲ್ಲ" ಅಂತಿದಾಳೆ. ಒಂಟಿ ಕಾಲಲ್ಲಿ ಮೇಲಕ್ಕೆ ಹಾರ್ಸಿದ್ರೆ ಎಡಗಾಲು ಬಲದ ಮುಕ್ಕಾಲು ಭಾಗದಷ್ಟು. ಈಗ ಮುಂದೆ?

ಫಿಸಿಯೋ: ಒಳ್ಳೇದಾಯ್ತು ಅವಳೇ ನೋಡಿದ್ದು. ನಿಮ್ಮ ಸರ್ಜನ್, ಫಿಸಿಯೋ ಇಬ್ರಿಗೂ ಆ ವಿಡಿಯೋ ತೋರ್ಸಿ. ಈಗ ವಾರಕ್ಕೆ ಮೂರು ದಿನ ಎಡಗಾಲಿಗೆ ಒಂಟಿಯಾಗಿ ಭಾರದ ಕೆಲಸ, ಲೆಗ್ ಪ್ರೆಸ್, ಸ್ಟೆಪ್ ಡೌನ್ (ಒಂಟಿ ಕಾಲಲ್ಲಿ ನಿಂತು ಮೆಟ್ಲಿಂದ ನಿಧಾನ ಇಳಿಯೋದು), ಜೊತೆಗೆ ಲೆಗ್ ಎಕ್ಸ್‌ಟೆನ್ಷನ್ ಮಾಡ್ಬಹುದಾ ಅಂತ ಸರ್ಜನ್ ಹತ್ರ ಕೇಳ್ಕೊಳ್ಳಿ. ಜಂಪಲ್ಲಿ ಬಾಕ್ಸ್ ಮೇಲಕ್ಕೆ ಎರಡು ಕಾಲಲ್ಲಿ ಹಾರಿ ಬಾಕ್ಸ್ ಮೇಲೇ ಒಂದು ಕಾಲಲ್ಲಿ ಇಳಿಯೋದು, ಆಮೇಲೆ ನೆಲದಲ್ಲಿ ಒಂಟಿ ಕಾಲಲ್ಲಿ ಜಿಗಿದು ಮೂರು ಸೆಕೆಂಡ್ ಅಲುಗಾಡ್ದೆ ನಿಲ್ಲೋದು. ನಿಲ್ಲಕ್ಕಾಗ್ಲಿಲ್ಲ ಅಂದ್ರೆ ಆ ಜಿಗಿತ ಲೆಕ್ಕಕ್ಕಿಲ್ಲ. ಬಾಲ್ ಹಿಡಿಯೋದು, ಯಾರಾದ್ರೂ ಪಕ್ಕದಿಂದ ತಳ್ಳೋದು ಇದೆಲ್ಲ ಅದಾದ ಮೇಲೆ, ಯಾಕಂದ್ರೆ ಮ್ಯಾಚಲ್ಲಿ ಯಾರೂ ಮಂಡಿ ನೋಡ್ಕೊಂಡು ಇಳಿಯಲ್ಲ, ಕಣ್ಣೆಲ್ಲ ಬಾಲ್ ಮೇಲೇ ಇರತ್ತೆ. ಜಂಪ್ ಮಾಡಿದ ಮಾರನೇ ದಿನ ಮಂಡಿ ಊದಿದ್ರೆ ಒಂದು ಹಂತ ಹಿಂದೆ.

9 ತಿಂಗಳಿಗೆ ಮತ್ತೆ ಟೆಸ್ಟ್ ಮಾಡ್ಸಿ, ತೊಡೆ ಬಲ, ಮೇಲಕ್ಕೆ ಹಾರೋದು, ಮುಂದಕ್ಕೆ ಹಾರೋದು, ಮೂರೂ. ಟೂರ್ನಮೆಂಟ್‌ಗೆ ಬೇಕಾದ್ರೆ ಟೀಮ್ ಜೊತೆ ಹೋಗ್ಲಿ, ಬೆಂಚಲ್ಲಿ ಕೂತು ಸ್ಕೋರ್ ಬರೀಲಿ, ಶೂ ಮಾತ್ರ ಮನೇಲಿ ಬಿಟ್ಟು ಕಳಿಸಿ.