ಇಳಿಜಾರು ಹಲಗೆಯಿಂದ ಕೆಲಸ ಕಡಿಮೆಯಾಗುತ್ತದೆಯೇ? ತರಗತಿಯಲ್ಲಿ ಎದ್ದ ಒಂದು ಪ್ರಶ್ನೆ

ವಿಜ್ಞಾನ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಸರಳ ಯಂತ್ರಗಳ ಪಾಠದಲ್ಲಿ ಇಳಿಜಾರು ಸಮತಲವನ್ನು ಪ್ರಯೋಗದ ಮೂಲಕವೇ ತೋರಿಸಬೇಕೆಂದು, 90 ಸೆಂಟಿಮೀಟರ್ ಉದ್ದದ ಹಲಗೆಯ ಒಂದು ತುದಿಯನ್ನು 30 ಸೆಂಟಿಮೀಟರ್ ಎತ್ತರದಲ್ಲಿಟ್ಟು, ಒಂದು ಕಿಲೋ ತೂಕದ ಮರದ ತುಂಡನ್ನು ಮಕ್ಕಳಿಂದ ಸ್ಪ್ರಿಂಗ್ ತ್ರಾಸಿನಲ್ಲಿ ಎಳೆಸಿದೆ. ನೇರವಾಗಿ ಎತ್ತಿದಾಗ ತ್ರಾಸು ಸುಮಾರು 10 ನ್ಯೂಟನ್ (ಬಲದ ಮಾನ) ತೋರಿಸಿತು, ಹಲಗೆಯ ಮೇಲೆ ಎಳೆದಾಗ 5.7. ಮಕ್ಕಳಿಗೆ ಖುಷಿಯಾಯಿತು. ಆದರೆ ಹಿಂದಿನ ಬೆಂಚಿನ ಹುಡುಗನೊಬ್ಬ ಬಲವನ್ನು ದೂರದಿಂದ ಗುಣಿಸಿ ಕೆಲಸವನ್ನು ಜೂಲ್‌ಗಳಲ್ಲಿ ಲೆಕ್ಕ ಹಾಕಿ, "ಮೇಡಂ, ಎತ್ತಿದರೆ 3 ಜೂಲ್, ಎಳೆದರೆ 5.1 ಜೂಲ್. ಕೆಲಸ ಜಾಸ್ತಿಯೇ ಆಯ್ತಲ್ಲ, ಸುಲಭ ಆಗಿದ್ದು ಎಲ್ಲಿ?" ಎಂದು ಕೇಳಿದ. ಘರ್ಷಣೆಯಿಂದ ಹಾಗಾಯಿತು ಎಂದೆ. ಅವನಿಗೆ ಸಮಾಧಾನವಾಗಲಿಲ್ಲ, ನನಗೂ ಆ ಉತ್ತರ ಅರ್ಧವೇ ಎನಿಸಿತು. ಇದನ್ನು ನೀವೆಲ್ಲ ಹೇಗೆ ಕಲಿಸುತ್ತೀರಿ?

ಪ್ರೌಢಶಾಲಾ ಶಿಕ್ಷಕ, ಸಾಗರ

ಮೇಡಂ, ಆ ಹುಡುಗನ ಲೆಕ್ಕ ಸರಿಯಾಗಿಯೇ ಇದೆ, ಅದನ್ನು ತರಗತಿಯಲ್ಲಿ ಮೊದಲು ಒಪ್ಪಿಕೊಳ್ಳಿ. ತೊಡಕಿನ ಬಹುಪಾಲು "ಕೆಲಸ" ಎಂಬ ಪದದಲ್ಲಿದೆ ಎಂದು ನನ್ನ ಅನಿಸಿಕೆ. ತೋಟದಿಂದ ಬಂದವರು ಮನೆಯಲ್ಲಿ "ಇವತ್ತು ಕೆಲಸ ಹಗುರಾಯ್ತು" ಎಂದರೆ ಅದು ಮೈಯ ದಣಿವಿನ ಮಾತು. ಪಾಠದಲ್ಲಿ ಅದೇ ಪದಕ್ಕೆ ಬಲ ಮತ್ತು ದೂರಗಳ ಗುಣಲಬ್ಧ ಎಂಬ ಅರ್ಥ. ಎರಡನ್ನೂ ಒಂದೇ ಉಸಿರಿನಲ್ಲಿ ಬಳಸಿ "ಇಳಿಜಾರು ಕೆಲಸವನ್ನು ಸುಲಭಗೊಳಿಸುತ್ತದೆ" ಎಂದು ನಾವು ಹೇಳಿದಾಗ, ಗಮನವಿಟ್ಟು ಕೇಳುವ ಮಗುವೇ ಮೊದಲು ಗೊಂದಲಕ್ಕೆ ಬೀಳುತ್ತದೆ. ನಾನು ಈಗ "ಒಮ್ಮೆಗೆ ಹಾಕಬೇಕಾದ ಬಲ ಕಡಿಮೆಯಾಗುತ್ತದೆ, ಅದಕ್ಕೆ ಪ್ರತಿಯಾಗಿ ದೂರ ಹೆಚ್ಚುತ್ತದೆ" ಎಂದಷ್ಟೇ ಹೇಳುತ್ತೇನೆ.

ಪ್ರಯೋಗದ ಕ್ರಮವನ್ನೂ ಬದಲಿಸಿ ನೋಡಿ. ಮರದ ತುಂಡಿಗಿಂತ ಮುಂಚೆ ಅಷ್ಟೇ ತೂಕದ, ಚಕ್ರವಿರುವ ಆಟಿಕೆ ಗಾಡಿಯನ್ನು ಎಳೆಸಿದರೆ ತ್ರಾಸು 3.6 ನ್ಯೂಟನ್ನಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದನ್ನು 0.9 ಮೀಟರಿನಿಂದ ಗುಣಿಸಿದರೆ 3.2 ಜೂಲ್, ಅಂದರೆ ನೇರವಾಗಿ ಎತ್ತಿದ್ದಕ್ಕೆ ಹೆಚ್ಚುಕಡಿಮೆ ಸಮ. ಆಮೇಲೆ ಮರದ ತುಂಡನ್ನು ಎಳೆಸಿ. ಹೆಚ್ಚಾದ ಎರಡು ಜೂಲ್ ಎಲ್ಲಿಗೆ ಹೋಯಿತೆಂಬುದನ್ನು ಮಕ್ಕಳೇ ಹೇಳುತ್ತಾರೆ.

ಅಡಿಕೆ ಬೆಳೆಗಾರ, ಹೊಸನಗರ

ನಾನು ಶಿಕ್ಷಕನಲ್ಲ, ಆದರೂ ಈ ಚರ್ಚೆ ಓದುವಾಗ ಚಿಕ್ಕಂದಿನಲ್ಲಿ ನಮ್ಮೂರಿನಲ್ಲಿ ಲಾರಿಗೆ ಮರದ ದಿಮ್ಮಿ ಏರಿಸುತ್ತಿದ್ದ ಕ್ರಮ ಕಣ್ಣಿಗೆ ಕಟ್ಟಿತು. ಲಾರಿಗೆ ಎರಡು ಗಟ್ಟಿ ಕಂಬಗಳನ್ನು ಓರೆಯಾಗಿ ಒರಗಿಸಿ, ಹಗ್ಗದ ಒಂದು ತುದಿಯನ್ನು ಮೇಲೆ ಕಟ್ಟಿ, ಅದನ್ನು ದಿಮ್ಮಿಯ ಅಡಿಯಿಂದ ಸುತ್ತಿ ತಂದು, ಇನ್ನೊಂದು ತುದಿಯನ್ನು ಲಾರಿಯ ಮೇಲೆ ನಿಂತವರು ಎಳೆಯುತ್ತಿದ್ದರು. ದಿಮ್ಮಿ ಉರುಳುತ್ತಾ ಏರುವುದರಿಂದ ಉಜ್ಜಾಟ ಬಹಳ ಕಡಿಮೆ. ಪ್ರತಿ ಎಳೆತಕ್ಕೂ ಕೆಳಗಿದ್ದವನು ಪಕ್ಕದಲ್ಲಿ ನಿಂತು ಬೆಣೆ ಕೊಡುತ್ತಿದ್ದ, ದಿಮ್ಮಿಯ ಹಿಂದೆ ಯಾರೂ ನಿಲ್ಲುವಂತಿರಲಿಲ್ಲ.

ಲೆಕ್ಕ ಹೀಗಾಗುತ್ತದೆ. ದಿಮ್ಮಿ 300 ಕಿಲೋ, ಲಾರಿಯ ಎತ್ತರ 1.2 ಮೀಟರ್, ಕಂಬದ ಉದ್ದ 3.6 ಮೀಟರ್ ಎಂದಿಟ್ಟುಕೊಂಡರೆ ಇಳಿಜಾರಿನಿಂದಲೇ ಹೊರೆ 100 ಕಿಲೋ ಭಾರದಷ್ಟಕ್ಕೆ ಇಳಿಯುತ್ತದೆ. ಸುತ್ತಿದ ಹಗ್ಗದಲ್ಲಿ ದಿಮ್ಮಿಯೇ ರಾಟೆಯಂತೆ ವರ್ತಿಸಿ, ಭಾರ ಹಗ್ಗದ ಎರಡು ಎಳೆಗಳಿಗೆ ಹಂಚಿಹೋಗುವುದರಿಂದ ಅದರಲ್ಲೂ ಅರ್ಧ, ಅಂದರೆ 50. ಆದರೆ ಹಗ್ಗ ಎಳೆಯಬೇಕಾದದ್ದು 7.2 ಮೀಟರ್. 300 ಅನ್ನು 1.2ರಿಂದ ಗುಣಿಸಿದರೂ 50 ಅನ್ನು 7.2ರಿಂದ ಗುಣಿಸಿದರೂ 360. ನೀರು ತುಂಬಿದ ಬಾಟಲಿ ಮತ್ತು ದಾರದಿಂದ ಇದನ್ನು ಮೇಜಿನ ಮೇಲೆಯೇ ಮಾಡಬಹುದಲ್ಲವೇ?

ನಿವೃತ್ತ ಉಪನ್ಯಾಸಕಿ, ಶಿವಮೊಗ್ಗ

ದಿಮ್ಮಿಯ ಉದಾಹರಣೆ ನನಗೆ ತುಂಬಾ ಹಿಡಿಸಿತು. ಇದಕ್ಕೆ ಆಗುಂಬೆ ಘಾಟಿಯನ್ನೂ ಸೇರಿಸಿಕೊಳ್ಳಿ, ನಿಮ್ಮ ತಾಲ್ಲೂಕಿನ ಮಕ್ಕಳು ಆ 14 ತಿರುವುಗಳನ್ನು ಬಲ್ಲರು; ರಸ್ತೆ ಹಾಗೆ ಬಳಸಿ ಏರುವುದೂ ದೂರ ಹೆಚ್ಚಿಸಿ ಬಲ ಕಡಿಮೆ ಮಾಡಲೆಂದೇ. ಲಂಬಕೋನ ತ್ರಿಭುಜಾಕಾರದ ಕಾಗದವನ್ನು ಪೆನ್ಸಿಲಿಗೆ ಸುತ್ತಿದರೆ ಅದರ ಓರೆ ಅಂಚು ಸುರುಳಿಯಾಗಿ ಮೇಲೇರುತ್ತದೆ. ಸ್ಕ್ರೂ ಎಂದರೆ ಸುತ್ತಿಟ್ಟ ಇಳಿಜಾರೇ ಎಂಬುದು ಆಗ ಕೈಯಲ್ಲೇ ಸಿಗುತ್ತದೆ. ಶಾಲೆಯ ರ‍್ಯಾಂಪನ್ನೂ ಅಳತೆ ಮಾಡಿಸಿ. ಗಾಲಿಕುರ್ಚಿಗೆ 1ಕ್ಕೆ 12ರ ಇಳಿಜಾರು ಇರಬೇಕೆಂಬುದು ನಿಯಮ, ಅಂದರೆ 45 ಸೆಂಟಿಮೀಟರ್ ಎತ್ತರದ ಜಗುಲಿಗೆ 5.4 ಮೀಟರ್. ಅದಕ್ಕಿಂತ ಗಿಡ್ಡವಾಗಿದ್ದರೆ ಕುರ್ಚಿಯನ್ನು ತಳ್ಳುವ ಕೈಗೆ ಏನಾಗುತ್ತದೆ ಎಂದು ಮಕ್ಕಳನ್ನೇ ಕೇಳಿ.

ವಿಜ್ಞಾನ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ಕೃತಜ್ಞತೆಗಳು. ಇಂದು ಒಂದು ಲೀಟರ್ ನೀರಿನ ಬಾಟಲಿಗೆ ಎರಡು ಕಡೆ ದಾರ ಸುತ್ತಿ, ಪ್ರತಿ ದಾರದ ಒಂದು ತುದಿಯನ್ನು ಹಲಗೆಯ ಮೇಲ್ತುದಿಗೆ ಕಟ್ಟಿ, ಉಳಿದ ಎರಡು ತುದಿಗಳನ್ನೂ ತ್ರಾಸಿನ ಕೊಕ್ಕೆಗೆ ಸೇರಿಸಿ ಅದೇ ಹಲಗೆಯ ಮೇಲೆ ಉರುಳಿಸಿದೆವು. ಮೊದಲ ಸಲ ದಾರಗಳು ಸಮವಾಗಿರದೆ ಬಾಟಲಿ ಓರೆಯಾಗಿ ಕೆಳಗೆ ಬಿತ್ತು. ಸರಿಪಡಿಸಿದ ಮೇಲೆ ತ್ರಾಸು 1.9 ನ್ಯೂಟನ್ ತೋರಿಸಿತು, ಎಳೆದ ದಾರ 1.8 ಮೀಟರ್. ಪ್ರಶ್ನೆ ಕೇಳಿದ್ದ ಹುಡುಗನೇ ಗುಣಿಸಿ 3.4 ಜೂಲ್ ಎಂದು ಕಪ್ಪುಹಲಗೆಯಲ್ಲಿ ಬರೆದ. ನಾಳೆ ಇಡೀ ತರಗತಿ ಅಳತೆ ಪಟ್ಟಿ ಹಿಡಿದು ರ‍್ಯಾಂಪಿನ ಹತ್ತಿರ ಹೋಗಲಿದೆ.